ಹಾಡಿಗೆ ಮೊದಲಿನ ನಾಲ್ಕು ನಿಮಿಷ

ಪರ್ತ್: ಥಾರ್ನ್ಲಿ

ಆಸ್ಟ್ರೇಲಿಯಾದಿಂದ ಬಂದ ಮೇಲೆ ಮೈಸೂರಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, ಕಾಂಗರೂ ನೋಡಿದಿರಾ ಎಂದು. ನೋಡಿದೆ. ರಸ್ತೆ ಪಕ್ಕದ ಹುಲ್ಲಿನಲ್ಲಿ ನಾಲ್ಕೈದು ನಿಂತಿದ್ದವು, ನಮ್ಮ ಬೀದಿ ಹಸುಗಳಷ್ಟೇ ನಿರಾತಂಕವಾಗಿ. ಕಾಂಗರೂ ಬಗ್ಗೆ ನನಗೆ ಹೇಳಲಿಕ್ಕಿರುವುದು ಅಷ್ಟೇ. ಹೇಳಲೇಬೇಕಾದದ್ದು ಬೇರೆ ಇದೆ. ಆ ದೇಶದಲ್ಲಿ ನಾನೊಂದು ತಪ್ಪು ಮಾಡಿದೆ. ಮೂವತ್ತೊಂದು ವರ್ಷ ರೇಡಿಯೊ ನಿಲಯದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದವಳು ಮಾತ್ರ ಮಾಡಬಹುದಾದ ತಪ್ಪು ಅದು.

ನಾನು ಹೋಗಿದ್ದು ತಂಗಿಯ ಮಗಳು ಜ್ಯೋತಿಯ ಮನೆಗೆ. ಅವಳು ಪರ್ತ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ಗಂಡನಿಗೆ ದೂರದ ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ವಿಮಾನ ಇಳಿದಾಗ ತಿಂಡಿಪದಾರ್ಥ ತಂದಿದ್ದೀರಾ ಎಂಬ ಪ್ರಶ್ನೆಗೆ ನಾನು ಇಲ್ಲ ಎಂದು ಗುರುತು ಹಾಕಿದ್ದೆ. ಚಟ್ನಿಪುಡಿ ತಿಂಡಿಯಲ್ಲ, ಊಟದ ಜೊತೆಯದ್ದು ಎಂಬುದು ನನ್ನ ಲೆಕ್ಕ. ಅಧಿಕಾರಿಣಿ ಡಬ್ಬಿ ತೆರೆದು ಮೂಸಿ, ಸೀನಿ, ಇನ್ನು ಮುಂದೆ ಹೀಗೆ ಮಾಡಬೇಡಿ ಎಂದು ಬುದ್ಧಿ ಹೇಳಿ ಕಳಿಸಿದಳು. ಅರವತ್ತೆರಡರ ವಯಸ್ಸಿನಲ್ಲಿ ಬುದ್ಧಿ ಹೇಳಿಸಿಕೊಳ್ಳುವುದು ಅಲ್ಲಿಂದಲೇ ಶುರುವಾಯಿತು.

ಥಾರ್ನ್ಲಿಯಲ್ಲಿ ಬೆಳಿಗ್ಗೆ ಎದ್ದರೆ ಸೊಪ್ಪಿನವಳ ಕೂಗಿಲ್ಲ, ಪಕ್ಕದ ಮನೆಯ ಕುಕ್ಕರ್ ಸೀಟಿಯಿಲ್ಲ, ನಮ್ಮ ಚರ್ಚಿನ ಗಂಟೆಯಂತೂ ಇಲ್ಲವೇ ಇಲ್ಲ. ಒಂದು ಕಪ್ಪುಬಿಳಿ ಹಕ್ಕಿ ಮಾತ್ರ ಬೇಲಿಯ ಮೇಲೆ ಕೂತು, ಕೊಳಲಿಗೆ ನೀರು ತುಂಬಿ ಊದಿದ ಹಾಗೆ ಕೂಗುತ್ತಿತ್ತು. ಧ್ವನಿಯಿಂದಲೇ ಅನ್ನ ಉಂಡವಳಿಗೆ ಅಷ್ಟೊಂದು ಮೌನ ಒಗ್ಗುವುದಿಲ್ಲ. ಜ್ಯೋತಿಯ ಎಂಟು ವರ್ಷದ ಮಗಳು ರಿಯಾ ನನ್ನ ಮಾತನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟ ಆಯ್ತೇನೇ ಎಂದರೆ, “ಯಾ ಅಜ್ಜಿ, ಐ ಹ್ಯಾಡ್ ಪಾಸ್ತಾ” ಎನ್ನುತ್ತಾಳೆ. ನನಗೆ ಸಿಟ್ಟು ಬೇಗ. ಎರಡನೇ ದಿನವೇ ಜ್ಯೋತಿಗೆ ಬೈದೆ.

“ನಾನೇನ್ ಮಾಡ್ಲಿ ದೊಡ್ಡಮ್ಮ? ಶಿಫ್ಟ್ ಮುಗಿಸ್ಕೊಂಡು ಬಂದು ಅವಳ ಜೊತೆ ಜಗಳ ಆಡೋಕೆ ಶಕ್ತಿ ಇರಲ್ಲ. ಅರ್ಥ ಆಗುತ್ತಲ್ಲ, ಅಷ್ಟಕ್ಕೇ ಖುಷಿ ಪಟ್ಕೋತೀನಿ” ಎಂದಳು. ಆಮೇಲೆ ಏನೋ ನೆನಪಾದವಳಂತೆ, “ನಾಳೆ ಆರ್ವೋ ನನ್ನ ಫ್ರೆಂಡ್ ಒಬ್ಳು ಬರ್ತಾಳೆ. ಅವಳಿಗೆ ನಿಮ್ಮ ಹತ್ರ ಕೆಲಸ ಇದೆ” ಎಂದಳು.

“ನನ್ನ ಹತ್ರ ಏನೇ ಕೆಲಸ? ರಿಟೈರ್ ಆಗಿ ಕೂತಿದ್ದೀನಿ.”

“ಕ್ಯಾಸೆಟ್ ಕೆಲಸ ದೊಡ್ಡಮ್ಮ. ಇಲ್ಲಿ ಯಾರಿಗೂ ಬರಲ್ಲ. ನೀವು ಮಾಡ್ತೀರ ಅಂತ ಆಗ್ಲೇ ಹೇಳ್ಬಿಟ್ಟಿದ್ದೀನಿ.”

ಆರ್ವೋ ಎಂದರೆ ಮಧ್ಯಾಹ್ನವಂತೆ. ಮರುದಿನ ಮಧ್ಯಾಹ್ನ ಬಂದವಳ ಹೆಸರು ಅಬುಕ್. ಜ್ಯೋತಿಯ ಜೊತೆಯಲ್ಲೇ ನರ್ಸು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ, ಮಾತು ಮಾತ್ರ ಮೆತ್ತಗೆ. ನಾವಿಬ್ಬರೂ ಆಡುತ್ತಿದ್ದುದು ಇಂಗ್ಲಿಷಿನಲ್ಲಿ. ಅವರ ಊರು ದಕ್ಷಿಣ ಸುಡಾನ್, ಭಾಷೆ ಡಿಂಕಾ. ಕೈಚೀಲದಿಂದ ಮಗುವಿನ ಉಲ್ಲನ್ ಟೋಪಿಯೊಂದನ್ನು ತೆಗೆದಳು. ಟೋಪಿಯೊಳಗೆ ಒಂದು ಕ್ಯಾಸೆಟ್ಟು ಇತ್ತು.

ಯುದ್ಧದ ಕಾಲದಲ್ಲಿ ಅವಳ ತಾಯಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ನಡೆದೇ ಊರು ಬಿಟ್ಟು, ಕೀನ್ಯಾದ ನಿರಾಶ್ರಿತರ ಶಿಬಿರ ಸೇರಿದ್ದರು. ತಂದೆ ದನಗಳ ಜೊತೆ ಹಿಂದೆ ಉಳಿದರು. ಅಬುಕ್ ಹುಟ್ಟಿದ್ದು ಶಿಬಿರದಲ್ಲಿ. ಅವಳಿಗೆ ಎಂಟು ತಿಂಗಳಿದ್ದಾಗ ಯಾರದೋ ಕೈಯಲ್ಲಿ ತಂದೆಯ ಈ ಕ್ಯಾಸೆಟ್ಟು ಬಂತು. ಅಲ್ಲಿ ಕಾಗದ ಬರೆಯಬಲ್ಲವರು ಕಡಿಮೆ, ಓದಬಲ್ಲವರು ಇನ್ನೂ ಕಡಿಮೆ. ಕ್ಯಾಸೆಟ್ಟೇ ಅಂಚೆ. ಅದು ಬಂದು ಕೆಲವು ತಿಂಗಳಿಗೆ ತಂದೆ ಸತ್ತ ಸುದ್ದಿಯೂ ಬಂತು. ಶಿಬಿರದ ಪ್ರಾರ್ಥನಾ ಮಂದಿರದ ಟೇಪ್ ರೆಕಾರ್ಡರಿನಲ್ಲಿ ತಾಯಿ ಅದನ್ನು ಕೆಲವು ಸಲ ಕೇಳಿದ್ದರು. ಅಡಿಲೇಡ್‌ಗೆ ಬಂದ ಮೇಲೆ ಯಾವುದೋ ಅಂಗಡಿಯಲ್ಲಿ ಹಾಕಿಸಲು ಹೋದಾಗ ಯಂತ್ರ ಪಟ್ಟಿಯನ್ನು ಜಗಿಯಿತು. ಅಂದಿನಿಂದ ಕ್ಯಾಸೆಟ್ಟನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ, ಈಗ ಮಗಳಿಗೆ ಮಾತ್ರ ಕೊಟ್ಟಿದ್ದರು.

“ಅಮ್ಮನಿಗೆ ಕಿವಿ ಹೋಗ್ತಾ ಇದೆ ಆಂಟಿ” ಎಂದಳು ಅಬುಕ್. “ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ಅಪ್ಪನ ದನಿ ಕೇಳಬೇಕಂತೆ. ಬ್ರಿಸ್ಬೇನ್‌ನಲ್ಲಿ ನನ್ನ ಚಿಕ್ಕಪ್ಪ ಮಕ್ಕಳಿಗೆ ಡಿಂಕಾ ಕಲಿಸೋಕೆ ಒಂದು ಆ್ಯಪ್ ಮಾಡಿಸ್ತಿದ್ದಾರೆ. ಹಾಡನ್ನ ಅದರಲ್ಲಿ ಇಡಬೇಕು ಅಂತ ಅವರ ಆಸೆ.”

ಅವಳು ಅಂದು ನನಗೆ ಹೇಳಿದ್ದು ಇಷ್ಟೇ. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ನನಗೆ ಗೊತ್ತಾಗಿದ್ದು ತಡವಾಗಿ. ಅವಳನ್ನು ತಂದೆ ನೋಡಿಯೇ ಇರಲಿಲ್ಲ. ಹೆಣ್ಣು ಹುಟ್ಟಿದೆ, ಇಂಥ ಹೆಸರಿಟ್ಟಿದ್ದೇವೆ ಎಂದು ಹೋಗಿಬರುವವರ ಬಾಯಲ್ಲಿ ಹೇಳಿಕಳಿಸಿದ್ದರು. ಕ್ಯಾಸೆಟ್ಟಿನಲ್ಲಿ ಅಪ್ಪ ನಿನ್ನ ಹೆಸರು ಹೇಳಿದ್ದಾರೆ ಎಂದು ತಾಯಿ ಹೇಳುತ್ತಿದ್ದರು. ಅಪ್ಪನಿಗೆ ನೀನು ಇರೋದೇ ಗೊತ್ತಿರಲಿಲ್ಲ ಎಂದು ಅಣ್ಣಂದಿರು ಗೋಳು ಹುಯ್ದುಕೊಳ್ಳುತ್ತಿದ್ದರು. ತಾಯಿ ಹೇಳುವುದು ನಿಜವೋ, ಮಗಳ ಮನಸ್ಸು ನೋಯದಿರಲಿ ಎಂದು ಹೇಳುವುದೋ, ಅವಳಿಗೆ ತಿಳಿಯಬೇಕಿತ್ತು. ಮೂವತ್ತು ದಾಟಿದ ಹೆಂಗಸು ಇಂಥದ್ದನ್ನು ಪರಿಚಯವಿಲ್ಲದ ಆಂಟಿಗೆ ಹೇಗೆ ತಾನೆ ಹೇಳಿಯಾಳು?

ಪರ್ತ್: ಸದರ್ನ್ ರಿವರ್

ಕ್ಯಾಸೆಟ್ ಡೆಕ್ಕು ಸಿಕ್ಕಿದ್ದು ಸದರ್ನ್ ರಿವರ್‌ನಲ್ಲಿ, ಜ್ಯೋತಿಗೆ ಗೊತ್ತಿದ್ದ ಬೆಂಗಳೂರಿನ ಎಂಜಿನಿಯರ್ ಒಬ್ಬರ ಗ್ಯಾರೇಜಿನಲ್ಲಿ. ಅಲ್ಲಿ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಅವರು ಮರ್ಯಾದೆಯ ಮನುಷ್ಯ. ಮೇಜು ಒರೆಸಿಕೊಟ್ಟು, ಲ್ಯಾಪ್‌ಟಾಪ್ ಜೋಡಿಸಿ, ಫಿಲ್ಟರ್ ಕಾಫಿ ತಂದಿಟ್ಟರು. ನಾನು ಅವರನ್ನೂ ಹೊರಗೆ ಕಳಿಸಿದೆ. ಕೆಲಸ ಮಾಡುವಾಗ ಪಕ್ಕದಲ್ಲಿ ಯಾರೂ ಉಸಿರಾಡಬಾರದು, ಅದು ನನ್ನ ಹಳೆಯ ಜಂಬ. ಅಬುಕ್‌ಗೆ ಅಂದು ಶಿಫ್ಟ್ ಇತ್ತು, ಸಂಜೆ ಬರುವವಳಿದ್ದಳು.

ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ನೋಡಿದರೆ ಪಟ್ಟಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಸುಕ್ಕು ನೀವಿ, ಹೊಸ ಡಬ್ಬಿಗೆ ವರ್ಗಾಯಿಸಿ, ಪೆನ್ಸಿಲು ಹಾಕಿ ಕೈಯಲ್ಲೇ ಎರಡು ಸಲ ಸುತ್ತಿದೆ. ಮೂರು ಗಂಟೆ ಹಿಡಿಯಿತು. ನಿವೃತ್ತಳಾದ ಮೇಲೆ ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಹೆಡ್‌ಫೋನ್ ಏರಿಸಿಕೊಂಡು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಡೆಕ್ಕಿನ ಗುಂಡಿ ಒತ್ತಿದೆ.

ಮೊದಲು ಸುಯ್ ಎಂಬ ಸದ್ದು. ಆಮೇಲೆ ಗಂಡಸಿನ ದನಿ, ತುಂಬ ಹತ್ತಿರದಿಂದ. ಆತ ಮಾತಾಡುತ್ತಿದ್ದರು. ನನ್ನ ಬೆರಳು ಲ್ಯಾಪ್‌ಟಾಪಿನ ರೆಕಾರ್ಡ್ ಗುಂಡಿಯ ಮೇಲೆ ಕಾದು ಕೂತಿತ್ತು.

ಆ ಬೆರಳಿನ ಕಥೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಪೂಲ್ ಟೇಪು ಸಿಗುವುದೇ ಕಷ್ಟ. ಹಳ್ಳಿಗೆ ಹೋದರೆ ಹಾಡುವ ಅಜ್ಜಿ ಮೊದಲು ಕೆಮ್ಮುತ್ತಾಳೆ, ಎಲೆಅಡಿಕೆ ಉಗಿಯುತ್ತಾಳೆ, ಯಾರ ಮನೆ ಮಗಳವ್ವ ನೀನು ಎಂದು ವಿಚಾರಿಸುತ್ತಾಳೆ, ಶುರು ಮಾಡ್ಲಾ ಎನ್ನುತ್ತಾಳೆ. ಅದನ್ನೆಲ್ಲ ಮುದ್ರಿಸಿಕೊಂಡು ಹೋದರೆ ನಮ್ಮ ಮೇಲಧಿಕಾರಿ, “ಟೇಪೇನು ನಿಮ್ಮ ತಾತನ ಮನೆಯದ್ದಾ?” ಎನ್ನುತ್ತಿದ್ದರು. ಒಂದು ವರ್ಷ ಬೈಸಿಕೊಂಡು ಕಲಿತೆ. ಹಾಡು ಶುರುವಾಗುವ ಕ್ಷಣಕ್ಕೆ, ಆ ಮೊದಲ ಉಸಿರಿಗೆ, ಗುಂಡಿ ಒತ್ತುವುದರಲ್ಲಿ ನಿಲಯದಲ್ಲೇ ನನ್ನಷ್ಟು ನಿಖರವಾದ ಕೈ ಇನ್ನೊಂದಿಲ್ಲ ಎಂಬ ಹೆಸರೂ ಬಂತು. ಸ್ಪೂಲು ಹೋಗಿ ಕಂಪ್ಯೂಟರ್ ಬಂತು, ಎಷ್ಟು ತುಂಬಿದರೂ ತುಂಬದ ಯಂತ್ರ ಬಂತು. ಬೆರಳಿಗೆ ಮಾತ್ರ ಯಾರೂ ಹೇಳಲಿಲ್ಲ.

ಆತ ನಾಲ್ಕು ನಿಮಿಷ ಮಾತಾಡಿದರು. ನಾನು ಕಾದೆ. ಉಸಿರು ಎಳೆದುಕೊಂಡು ಹಾಡು ಎತ್ತಿದರು, ನಾನು ಒತ್ತಿದೆ. ಒಂದಕ್ಷರ ತಪ್ಪಲಿಲ್ಲ. ದೊಡ್ಡ ಬಯಲಿನಲ್ಲಿ ನಿಂತು ಹಾಡುವವರ ದನಿ ಅದು, ಹಿಂದೆ ಎಲ್ಲೋ ಎತ್ತು ಕೂಗುತ್ತಿತ್ತು. ಹಾಡು ಮುಗಿದ ಮೇಲೆ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಹತ್ತಿಗೆ ಕಂದು ಪುಡಿ ಬಂತು. ಪಟ್ಟಿಯ ಮೇಲಿನ ಲೇಪ ಉದುರುತ್ತಿದೆ ಎಂದು ಅರ್ಥ, ದನಿ ಇರುವುದೇ ಆ ಲೇಪದಲ್ಲಿ. ಹಳೆಯ ಟೇಪಿಗೆ ಇದು ಕೊನೆಯ ಓಟ, ಸಮಯಕ್ಕೆ ಉಳಿಸಿಕೊಂಡೆ ಎಂದು ಬೀಗಿದೆ.

ಸಂಜೆ ಅಬುಕ್ ಬಂದು ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಸಾಲಿಗೇ ಕಣ್ಣು ತುಂಬಿ, ನನ್ನ ಕೈ ಹಿಡಿದುಕೊಂಡಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ. ಮುಗಿದ ಮೇಲೆ, “ಇಷ್ಟೇನಾ ಆಂಟಿ?” ಎಂದಳು.

“ಇಷ್ಟೇ. ಪೂರ್ತಿ ಬಂದಿದೆ” ಎಂದೆ ನಾನು. ಅಂಥ ಹೆಮ್ಮೆಯಲ್ಲಿ ಹೇಳಿದೆ.

ಬ್ರಿಸ್ಬೇನ್‌ಗೆ

ಅಬುಕ್ ರಜೆ ಹಾಕಿದಳು. ಬ್ರಿಸ್ಬೇನ್‌ನಲ್ಲಿ ಚಿಕ್ಕಪ್ಪನಿಂದ ಹಾಡಿನ ಮಾತುಗಳನ್ನು ಬರೆಸಿಕೊಂಡು, ಅಲ್ಲಿಂದ ಅಡಿಲೇಡ್‌ಗೆ ಹೋಗಿ ತಾಯಿಗೆ ಕೇಳಿಸುವುದು ಎಂದು ತೀರ್ಮಾನವಾಯಿತು. “ನೀವೂ ಹೋಗಿ ದೊಡ್ಡಮ್ಮ, ಊರು ನೋಡಿದ ಹಾಗೂ ಆಗುತ್ತೆ” ಎಂದು ಜ್ಯೋತಿ ಹೊರಡಿಸಿದಳು. ಒಂದೇ ದೇಶದೊಳಗೆ ನಾಲ್ಕು ಗಂಟೆಗೂ ಮೀರಿ ಹಾರಿದರೂ ಕಿಟಕಿಯ ಕೆಳಗೆ ಅದೇ ಕೆಂಪು ನೆಲ. ಊರಿಲ್ಲ, ಕೆರೆಯಿಲ್ಲ, ಗೋಪುರವಿಲ್ಲ.

ಅಬುಕ್ ದಾರಿಯುದ್ದಕ್ಕೂ ಫೋನಿನಲ್ಲಿ ಚಿಕ್ಕಪ್ಪನ ಆ್ಯಪ್ ತೆರೆದು ಪಾಠ ಒಪ್ಪಿಸುತ್ತಿದ್ದಳು. ಚಿತ್ರ ಒತ್ತಿದರೆ ಪದ ಕೇಳಿಸುತ್ತದೆ, ನಾವು ಹೇಳಿದರೆ ಅದು ಮುದ್ರಿಸಿಕೊಂಡು ನಮ್ಮದನ್ನೇ ನಮಗೆ ಕೇಳಿಸುತ್ತದೆ. ಶಿಬಿರದಲ್ಲಿ ಆಟಕ್ಕೆ ಸ್ವಾಹಿಲಿ, ಇಲ್ಲಿ ಶಾಲೆಗೆ ಇಂಗ್ಲಿಷು. ಮನೆಯ ಭಾಷೆ ಅವಳಿಗೆ ಅಡುಗೆಮನೆಯಷ್ಟೇ ಬರುತ್ತಿತ್ತು. ನೆರೆಯ ಸೀಟಿನವರಿಗೆ ಕೇಳಿಸಬಾರದೆಂದು ತುಟಿ ಮಾತ್ರ ಆಡಿಸುತ್ತಿದ್ದಳು. ಹಾಡು ಸಿಕ್ಕಿದ ಮೇಲೆ ಅವಳು ಗೆಲುವಾಗಬೇಕಿತ್ತು. ಆಗಿರಲಿಲ್ಲ. ಹಾಡಿನಲ್ಲಿ ತನ್ನ ಹೆಸರಿಗಾಗಿ ಎಷ್ಟು ಸಲ ಹುಡುಕಿದ್ದಳೋ. ಅಣ್ಣಂದಿರ ಮಾತೇ ನಿಜವೆಂದುಕೊಂಡು ಅವಳು ಆ ಸೀಟಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ನಾನು ವಿಮಾನದವರು ಕೊಟ್ಟ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದೆ. ಇವತ್ತಿಗೂ ಆ ಚಿತ್ರ ನೆನೆದರೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಬ್ರಿಸ್ಬೇನ್: ಕ್ಯಾಲಮ್‌ವೇಲ್

ಚಿಕ್ಕಪ್ಪನ ಹೆಸರು ಮಜೋಕ್. ಅಬುಕ್‌ಳ ತಂದೆಯ ತಮ್ಮ. ವಾರವಿಡೀ ಬಸ್ಸು ಓಡಿಸುತ್ತಾರೆ, ಶನಿವಾರ ಕ್ಯಾಲಮ್‌ವೇಲ್ ಹತ್ತಿರದ ಒಂದು ಸಮುದಾಯ ಭವನದಲ್ಲಿ ಮಕ್ಕಳಿಗೆ ಡಿಂಕಾ ಕಲಿಸುತ್ತಾರೆ. ನಮ್ಮನ್ನು ಬಾಗಿಲಲ್ಲೇ ಎದುರುಗೊಂಡು ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ, ತಂಗಿ ಹೇಗಿದ್ದಾಳೆ, ತಂಗಿಯ ಮಗಳು, ಅವಳ ಮಗಳು, ಊರಿನಲ್ಲಿ ಮಳೆ ಆಗಿದೆಯಾ, ದನ ಸಾಕಿದ್ದೀರಾ. ಒಂದೊಂದಕ್ಕೂ ಉತ್ತರ ಕೇಳಿ, ತಲೆದೂಗಿ, ಮುಂದಿನದ್ದಕ್ಕೆ ಹೋಗುತ್ತಿದ್ದರು. ವಿಷಯಕ್ಕೆ ಯಾವಾಗ ಬರುತ್ತಾರಪ್ಪಾ ಎಂದು ನನಗೆ ಒಳಗೇ ಚಡಪಡಿಕೆ.

ತರಗತಿಯಲ್ಲಿ ಹದಿನೈದಿಪ್ಪತ್ತು ಮಕ್ಕಳು, ಇಬ್ಬರಿಗೊಂದು ಟ್ಯಾಬ್ಲೆಟ್. ಆ ದಿನದ ಪಾಠ ದನದ ಬಣ್ಣಗಳು. ನಾವು ಕಂದು, ಕಪ್ಪು, ಬಿಳಿ ಎಂದು ಮುಗಿಸಿಬಿಡುವ ಕಡೆ ಅವರಿಗೆ ಲೆಕ್ಕವಿಲ್ಲದಷ್ಟು ಹೆಸರುಗಳು. ಎಲ್ಲಿ ಮಚ್ಚೆ, ಯಾವ ಬಣ್ಣದ ಪಕ್ಕ ಯಾವುದು, ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ ಪದ. ಹುಡುಗಿಯೊಬ್ಬಳು ಚಿತ್ರ ಒತ್ತಿ, ಪದ ಕೇಳಿ, ಥಟ್ಟನೆ ಹೇಳಿ, ಪಕ್ಕದವಳಿಗೆ ಇಂಗ್ಲಿಷಿನಲ್ಲಿ ಗೆದ್ದೆ ಎಂದಳು. ನಮ್ಮ ರಿಯಾಳ ನೆನಪಾಯಿತು.

“ನಿಮ್ಮ ಭಾಷೆಯಲ್ಲಿ ಮಾತಾಡಿದ್ರೆ ಫೋನು ಬರೆದುಕೊಳ್ಳುತ್ತಂತಲ್ಲ?” ಎಂದು ಮಜೋಕ್ ಕೇಳಿದರು. ಹೌದೆಂದೆ. “ನಮ್ಮ ಮಾತಿಗೆ ಅದು ಇನ್ನೂ ಕಿವುಡು. ಅದಕ್ಕೆ ಕಲಿಸಬೇಕಾದ್ರೆ ಎಷ್ಟೋ ಗಂಟೆಗಳ ಮಾತು ಬೇಕು. ಅದಕ್ಕೇ ಮುದುಕರು ಅಡುಗೆ ಮಾಡ್ತಿರಲಿ, ಜಗಳ ಆಡ್ತಿರಲಿ, ಅವರನ್ನ ಕೇಳಿ ಒಪ್ಪಿಸಿ, ರೆಕಾರ್ಡ್ ಮಾಡೋಕೆ ಪಕ್ಕದಲ್ಲಿ ಫೋನು ಇಟ್ಟಿರ್ತೀವಿ. ನಮ್ಮಣ್ಣನ ದನಿ ಬಂದ್ರೆ ನಮ್ಮ ಊರಿನ ಹಳೇ ಮಾತು ಬಂದ ಹಾಗೆ. ಈಗಿನವರಿಗೆ ಅದು ಬರಲ್ಲ.”

ಮಕ್ಕಳು ಮನೆಗೆ ಹೋದ ಮೇಲೆ ಹಾಡು ಹಾಕಿದೆವು. ಮಜೋಕ್ ಕಣ್ಣು ಮುಚ್ಚಿದರು. ಎರಡು ಸಾಲು ಆಗುವಷ್ಟರಲ್ಲಿ ಕಣ್ಣು ಬಿಟ್ಟು, “ಶುರುವಿನಿಂದ ಹಾಕಿ” ಎಂದರು.

“ಇದೇ ಶುರು” ಎಂದೆ.

“ಇದು ಹಾಡು. ಅದಕ್ಕೆ ಮುಂಚಿನದ್ದು ಹಾಕಿ.”

“ಅದಕ್ಕೆ ಮುಂಚೆ ಬರೀ ಮಾತಿತ್ತು” ಎಂದೆ. ಬರೀ ಎಂಬ ಪದ ನನ್ನ ಬಾಯಿಂದ ಹೊರಟಾಗಲೇ ಎಲ್ಲೋ ತಪ್ಪಿದೆನೆಂದು ಗೊತ್ತಾಯಿತು.

ನಾನು ಕೈಚೀಲದಿಂದ ಕ್ಯಾಸೆಟ್ಟು ತೆಗೆದೆ. ಮಜೋಕ್‌ರ ಬಳಿ ಹಳೆಯ ಪ್ಲೇಯರ್ ಇತ್ತು. ಮೊದಲಿನಿಂದ ಹಾಕಿದೆವು. ಸುಯ್ ಎಂಬ ಸದ್ದು ಬಂತು, ಸುಯ್ ಎಂದೇ ಉಳಿಯಿತು. ಬೂಷ್ಟು ಹೆಚ್ಚಾಗಿ ಹಿಡಿದಿದ್ದು ಆ ತುದಿಗೇ. ಅಲ್ಲಿನ ಲೇಪ ಸದರ್ನ್ ರಿವರ್‌ನ ಹತ್ತಿಯಲ್ಲಿ ಕಂದು ಪುಡಿಯಾಗಿ ಕಸದ ಬುಟ್ಟಿ ಸೇರಿತ್ತು.

ಮಜೋಕ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ವಿವರಿಸಿದರು. ಅವರಲ್ಲಿ ಕ್ಯಾಸೆಟ್ಟು ಕಳಿಸುವವರು ಮೊದಲು ಮನೆಯವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಯಾರನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ಅವರು ಮನೆಯವರಲ್ಲ ಎಂದ ಹಾಗೆ. ಎಲ್ಲರನ್ನೂ ಕರೆದು, ಕುಶಲ ಕೇಳಿ ಆದ ಮೇಲೆಯೇ ಹಾಡು. “ಹಾಡು ಅಣ್ಣನ ಮೆಚ್ಚಿನ ಎತ್ತಿನ ಬಗ್ಗೆ. ಅದನ್ನ ಊರೆಲ್ಲಾ ಕೇಳಬಹುದು. ಮನೆಯವರಿಗೆ ಅಂತ ಇದ್ದಿದ್ದು ಮೊದಲಿನದ್ದು” ಎಂದರು.

ನಮ್ಮ ಇನ್‌ಲ್ಯಾಂಡ್ ಪತ್ರಗಳ ನೆನಪಾಯಿತು. ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಇಂಥವರಿಗೆ ನಮಸ್ಕಾರ, ಇಂಥವರಿಗೆ ಆಶೀರ್ವಾದ. ನಾನು ಆ ಸಾಲುಗಳನ್ನು ಹಾರಿಸಿಯೇ ಓದಿ ಬೆಳೆದವಳು. ಸತ್ತ ಅಪ್ಪನ ಪತ್ರಗಳನ್ನೂ ಹಾಗೆಯೇ ಓದಿದ್ದೆ.

ಆಗ ಅಬುಕ್ ತನ್ನ ಹೊಟ್ಟೆಯೊಳಗಿದ್ದುದನ್ನು ಹೊರಗೆ ಹಾಕಿದಳು. ತಾಯಿ ಹೇಳುತ್ತಿದ್ದುದು, ಅಣ್ಣಂದಿರು ಹೇಳುತ್ತಿದ್ದುದು ಎಲ್ಲ. ಹೇಳಿ ಮುಗಿಸಿ, “ಆಂಟಿ, ನೀವು ಕೇಳಿದ್ರಲ್ಲ. ನನ್ನ ಹೆಸರು ಬಂತಾ?” ಎಂದಳು.

ಬಂತು ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಹಾಗೆಂದರೆ ಅವಳಿಗೆ ಸುಳ್ಳು ಹೇಳುವವರ ಸಾಲಿನಲ್ಲಿ ಇನ್ನೊಬ್ಬಳು ಸೇರಿದ ಹಾಗೆ. “ಭಾಷೆ ಬರದವಳು ನಾನು ಮಗಳೇ. ಮಾತು ಅಂತ ಬಿಟ್ಟುಬಿಟ್ಟೆ. ನನಗೆ ಗೊತ್ತಿಲ್ಲ” ಎಂದೆ. ಅವಳು ಎದ್ದು ಹೊರಗೆ ಹೋದಳು. ಮಜೋಕ್ ಮಕ್ಕಳ ಟ್ಯಾಬ್ಲೆಟ್ಟುಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟರು. ನಾನು ಅವರಿಗೆ ಸಹಾಯ ಮಾಡಿದೆ.

ಅಡಿಲೇಡ್

ಅಲ್ಲಿಂದಲೇ ಪರ್ತ್‌ಗೆ ವಾಪಸು ಹೋಗಿಬಿಡಲೇ ಎಂದು ಜ್ಯೋತಿಗೆ ಫೋನು ಮಾಡಿದೆ.

“ಬಂದ್ಬಿಡಿ ಅಂತ ಹೇಳೋದು ನನಗೆ ಸುಲಭ ದೊಡ್ಡಮ್ಮ” ಎಂದಳು ಅವಳು. “ಆದ್ರೆ ಆ ಅಮ್ಮನಿಗೆ ಯಾರು ಹೇಳ್ತಾರೆ? ಅಬುಕ್ ಒಬ್ಳೇ ಹೇಳ್ಬೇಕಾ?” ನಾನು ಎತ್ತಿ ಆಡಿಸಿದ ಹುಡುಗಿ, ನನಗೆ ಸರಿಯಾಗಿ ಹೇಳಿದಳು.

ಅಡಿಲೇಡ್‌ನ ಬೆಳಕು ಒಣಗಿದ್ದು. ಮನೆಗಳು ತಗ್ಗಾದವು, ಅಂಗಳದಲ್ಲಿ ನಿಂಬೆಗಿಡ. ಅಲ್ಲಿ ಸರ್ವೋ ಎನ್ನುವ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಾಗ ಅಬುಕ್, “ಅಮ್ಮ ಬೈಯಲ್ಲ. ಅದಕ್ಕೇ ನನಗೆ ಹೆದರಿಕೆ” ಎಂದಳು. ಬ್ರಿಸ್ಬೇನ್ ಬಿಟ್ಟ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು.

ತಾಯಿಯ ಹೆಸರು ಆದುತ್. ಎಲ್ಲರೂ ಮಾಮಾ ಎನ್ನುತ್ತಿದ್ದರು, ಅಲ್ಲಿ ಅದು ಅಮ್ಮ ಎಂಬ ಹಾಗೆ, ನಾನೂ ಹಾಗೇ ಕರೆದೆ. ಹಿರಿಯ ಮಗಳ ಮನೆಯಲ್ಲಿದ್ದಾರೆ, ಮಗಳು ಅಂದು ಕೆಲಸಕ್ಕೆ ಹೋಗಿದ್ದಳು. ಗೋಡೆಯಲ್ಲಿ ಶಿಲುಬೆ, ಅದರ ಮೇಲೆ ಒಂದು ಜಪಸರ. ನಾನು ಅದನ್ನು ನೋಡಿ ಶಿಲುಬೆಯ ಗುರುತು ಮಾಡಿದ್ದನ್ನು ಅವರು ನೋಡಿದರು, ಪಕ್ಕದ ಕುರ್ಚಿ ತಟ್ಟಿ ಕೂರಿಸಿಕೊಂಡರು. ಸಕ್ಕರೆ ಸುರಿದ ಹಾಲಿನ ಚಹಾ ಬಂತು. ಕುಡಿದು ಮುಗಿಸುವವರೆಗೆ ನನ್ನ ಮನೆಯವರೆಲ್ಲರ ಕು‌ಶಲ ವಿಚಾರಿಸಿದರು. ಈ ಸಲ ನಾನು ಒಬ್ಬೊಬ್ಬರ ಬಗ್ಗೆಯೂ ನಿಧಾನವಾಗಿ ಹೇಳಿದೆ.

ತಪ್ಪನ್ನು ನಾನೇ ಹೇಳುತ್ತೇನೆ, ನೀನು ಅನುವಾದ ಮಾತ್ರ ಮಾಡು ಎಂದು ಅಬುಕ್‌ಗೆ ಮೊದಲೇ ಹೇಳಿದ್ದೆ. ಹೇಳಿದೆ. ಅವಳು ಅರ್ಧಕ್ಕೆ ನಿಂತಳು. ದನಿ ಅಳಿಸಿಹೋಯಿತು ಎನ್ನಲು ಅವಳಿಗೆ ಪದ ಗೊತ್ತಿಲ್ಲ. ಫೋನು ತೆಗೆದು ಆ್ಯಪಿನಲ್ಲಿ ಹುಡುಕಿದಳು. ಅದರಲ್ಲಿ ದನದ ಬಣ್ಣಗಳಿದ್ದವು, ನೆಂಟರ ಹೆಸರುಗಳಿದ್ದವು, ಇದು ಇರಲಿಲ್ಲ. ಕಳೆದುಹೋಯಿತು ಎಂಬುದೊಂದು ಸಿಕ್ಕಿತು, ಉದಾಹರಣೆಗೆ ಕರುವೊಂದು ಕಳೆದುಹೋದ ವಾಕ್ಯವಿತ್ತು. ಫೋನನ್ನೇ ತಾಯಿಯ ಕಿವಿಯ ಯಂತ್ರಕ್ಕೆ ಹಿಡಿದು ಆ ಪದವನ್ನು ಕೇಳಿಸಿದಳು. ಮಜೋಕ್‌ರ ದನಿ ಅದು. ಮಾಮಾ ಕೇಳಿ, ನನ್ನ ಮುಖ ನೋಡಿ, ಚಹಾದ ಲೋಟ ಕೆಳಗಿಟ್ಟರು.

“ಹಾಡು ಕೇಳಿಸು” ಎಂದರಂತೆ.

ದೊಡ್ಡ ಹೆಡ್‌ಫೋನ್ ಹಾಕಿ, ದನಿಯನ್ನು ಪೂರ್ತಿ ಏರಿಸಿದೆವು. ಪಕ್ಕದಲ್ಲಿದ್ದ ನಮಗೇ ಕೇಳುವಷ್ಟು. ಮಾಮಾ ಅಲುಗಾಡದೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎರಡೂ ತೋಳುಗಳು ತಾವಾಗಿಯೇ ಎಂಬಂತೆ ಮೇಲೆದ್ದು, ಎತ್ತಿನ ಕೊಂಬಿನ ಹಾಗೆ ಬಾಗಿ ನಿಂತವು. ಹಾಡು ಮುಗಿಯುವವರೆಗೂ ಇಳಿಯಲಿಲ್ಲ. ಎಪ್ಪತ್ತು ದಾಟಿದ ತೋಳುಗಳು ಅವು. ನಾನು ಅತ್ತೆ. ನನ್ನ ತಪ್ಪಿಗೆ ಅತ್ತೆನೋ, ಆ ಹಾಡಿಗೋ ಗೊತ್ತಿಲ್ಲ.

ಹೆಡ್‌ಫೋನ್ ತೆಗೆದು ಮಾಮಾ ಅಬುಕ್‌ಗೆ ಏನೋ ಹೇಳಿದರು, ಕಣ್ಣು ಮಾತ್ರ ನನ್ನ ಮೇಲೆ.

“ಮೊದಲಿನದ್ದು ಇವಳು ಕೇಳಿದ್ದಾಳಲ್ಲ ಅಂತಾರೆ” ಎಂದಳು ಅಬುಕ್.

“ಕೇಳಿದೆ. ಏನೂ ಅರ್ಥ ಆಗಲಿಲ್ಲ.”

“ಅರ್ಥ ಕೇಳಲಿಲ್ಲವಂತೆ. ಅವರ ದನಿಯನ್ನ ಕೊನೆಗೆ ಕೇಳಿದ್ದು ನಿಮ್ಮ ಕಿವಿ. ಹೇಗಿತ್ತು, ಮಾಡಿ ತೋರಿಸಬೇಕಂತೆ.”

ನನಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೇ ಕೇಳಿಕೊಂಡಿರಲಿಲ್ಲ. ಅರ್ಥದ ದಾರಿಯಲ್ಲಿ ಹುಡುಕಿ ಏನೂ ಸಿಗದೆ ಕೂತಿದ್ದೆ. ಆದರೆ ನನ್ನ ಕಸುಬು ಅರ್ಥದ್ದಲ್ಲ. ಯಾರ ದನಿ ಎಲ್ಲಿ ಏರುತ್ತದೆ, ಎಲ್ಲಿ ಉಸಿರು, ಎಲ್ಲಿ ನಿಲ್ಲುತ್ತದೆ, ಎಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಕೆಂಪು ಮುಟ್ಟುತ್ತದೆ, ಮೂವತ್ತೊಂದು ವರ್ಷ ನಾನು ನೋಡಿದ್ದು ಅದನ್ನೇ. ಕಣ್ಣು ಮುಚ್ಚಿದೆ. ಗ್ಯಾರೇಜಿನ ಮೇಜು, ಡೆಕ್ಕಿನ ಎರಡು ಮುಳ್ಳು ಕಾಣಿಸಿದವು. ಮುಳ್ಳಿನ ಹಿಂದೆಯೇ ದನಿ ಬಂತು.

ಪದ ನನ್ನ ಬಳಿ ಇರಲಿಲ್ಲ. ತುಟಿ ಮುಚ್ಚಿ ಧಾಟಿ ಮಾತ್ರ ಗುನುಗಿದೆ. ಮೊದಲು ಒಂದು ಕರೆ, ತಗ್ಗಿನಲ್ಲಿ, ಉದ್ದಕ್ಕೆ, ಆಮೇಲೆ ಸಣ್ಣ ಮೌನ. ಮಾಮಾ ಒಂದು ಬೆರಳು ಮಡಚಿ, “ಆದುತ್” ಎಂದರು. ಎದೆ ಮುಟ್ಟಿಕೊಂಡರು. ಎರಡನೆಯದು ಗುನುಗಿದೆ. ಇನ್ನೊಂದು ಬೆರಳು ಮಡಚಿ ಹಿರಿಯ ಮಗಳ ಹೆಸರು ಹೇಳಿದರು. ಮೂರನೆಯದು, ನಾಲ್ಕನೆಯದು, ಐದನೆಯದು. ಮೂವರು ಗಂಡುಮಕ್ಕಳು. ಒಂದು ಕೈಯ ಬೆರಳು ಮುಗಿಯಿತು. ಅಬುಕ್ ಕುರ್ಚಿಯ ಅಂಚಿಗೆ ಬಂದಿದ್ದಳು.

ನಾನು ಕಣ್ಣು ಬಿಟ್ಟು, “ಇನ್ನೊಂದಿದೆ” ಎಂದೆ. “ಆರನೆಯದನ್ನ ಎರಡು ಸಲ ಹೇಳಿದ್ರು. ಒಂದ್ಸಲ ಹೇಳಿ ನಿಂತ್ರು. ಇನ್ನೊಂದ್ಸಲ ಸ್ವಲ್ಪ ಮೇಲಿನ ದನಿಯಲ್ಲಿ. ಆಮೇಲೆ ನಕ್ರು. ಆ ನಗುವಿಗೆ ಮುಳ್ಳು ಕೆಂಪಿಗೆ ಹೋಯ್ತು.” ಹೇಳಿ, ಅದನ್ನೂ ಗುನುಗಿದೆ. ನಗುವನ್ನು ಮಾತ್ರ ನನ್ನಿಂದ ಮಾಡಲಾಗಲಿಲ್ಲ.

ಮಾಮಾ ಇನ್ನೊಂದು ಕೈಯ ಹೆಬ್ಬೆರಳು ಮಡಚಿದರು. ಹೆಸರು ಹೇಳಲಿಲ್ಲ. ಮಗಳ ಕಡೆ ತಿರುಗಿ ಎರಡು ಮೂರು ವಾಕ್ಯ ಹೇಳಿದರು, ದಿನನಿತ್ಯದ ಯಾವುದೋ ವಿಷಯ ಹೇಳುವ ಹಾಗೆ. ಅಬುಕ್ ಅನುವಾದ ಮಾಡಲಿಲ್ಲ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

“ಏನಂದ್ರು ಮಗಳೇ?” ಎಂದೆ ಕೊನೆಗೆ.

“ಅಪ್ಪನಿಗೆ ಅದು ಹೊಸ ಹೆಸರು ಅಂತೆ. ಆ ಹೆಸರು ಹಿಡಿದು ಯಾವತ್ತೂ ಕರೆದೇ ಇರಲಿಲ್ಲವಲ್ಲ. ಸರಿಯಾಗಿ ಬಂತಾ ಅಂತ ಇನ್ನೊಂದ್ಸಲ ಕರೆದು ನೋಡಿದ್ರಂತೆ.”

ಆಮೇಲೆ ಅವಳು ಮುಖ ಒರೆಸಿಕೊಂಡು, ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, ಮತ್ತೆ ಮಾಡಿ ಆಂಟಿ ಎಂದಳು. ಬೇಡವೆಂದೆ, ನನ್ನ ದನಿ ಕೆಟ್ಟದ್ದು ಎಂದೆ. ಮಾಮಾ ನನ್ನ ಮೊಣಕಾಲು ತಟ್ಟಿದರು. ಮಾಡಿದೆ. ಈಗ ಆ ಮನೆಯವರ ಫೋನುಗಳಲ್ಲಿ ಅಪ್ಪನ ಹಾಡು ಶುರುವಾಗುವ ಮೊದಲು, ಅವರ ಭಾಷೆಯ ಒಂದು ಪದವೂ ಬಾರದ ಮೈಸೂರಿನ ಹೆಂಗಸೊಬ್ಬಳು ಆರು ಜನರನ್ನು ಕರೆಯುತ್ತಾಳೆ, ಕೊನೆಯವಳನ್ನು ಎರಡು ಸಲ.